ಇಲ್ಲದ ದೇಶಕ್ಕೊಂದು ಯುದ್ಧವಿಮಾನ: ಹದಿನಾಲ್ಕು ತಿಂಗಳು, ಮೂರು ಕಡತ

ಹೋದ ಭಾನುವಾರ ರಾತ್ರಿ ಊಟ ಮುಗಿಸಿ ಕೈ ತೊಳೆಯುತ್ತಿದ್ದೆ. ಫೋನ್ ಸದ್ದಾಯಿತು. ನೋಡಿದರೆ ಒಂದೇ ಪದ: 'ಒಪ್ಪಿದೆ.' ಒದ್ದೆ ಕೈಯಲ್ಲೇ ಫೋನ್ ಹಿಡಿದು ಮೂರು ಸಲ ಓದಿದೆ. ಈ ಪದಕ್ಕೆ ನಾನು ಹದಿನಾಲ್ಕು ತಿಂಗಳು ಕಾದಿದ್ದೆ.

ಸಂಗತಿ ಏನೆಂದರೆ, ನಾವು ಎಂಟು ಜನ ಗೆಳೆಯರು ಕೂಡಿ ಒಂದು ಕಾಲ್ಪನಿಕ ಲೋಕ ಕಟ್ಟಿಕೊಂಡು ಆಡುತ್ತೇವೆ. ನಾವೇ ಬರೆದ ಭೂಪಟ, ನಾವೇ ಕೊರೆದ ಗಡಿಗಳು. ಒಬ್ಬೊಬ್ಬರಿಗೆ ಒಂದೊಂದು ದೇಶ. ನನ್ನದು ತೆರೆನಾಡು, ಉದ್ದಕ್ಕೂ ದ್ವೀಪಗಳೇ ಇರುವ ಬಡ ದೇಶ. ನಮ್ಮ ಒಂದು ತಿಂಗಳು ಅಂದರೆ ಆ ಲೋಕದಲ್ಲಿ ಆರು ತಿಂಗಳು. ಖರ್ಚಿಗೆ ಹೊನ್ನು ಅಂತ ಒಂದು ಲೆಕ್ಕ. ಒಂದೇ ಒಂದು ಕಟ್ಟುನಿಟ್ಟಿನ ನಿಯಮ: ಹೊಸ ಆಯುಧ ಯಾವುದೇ ಇರಲಿ, ಅದರ ಕಡತ ನಮ್ಮ ತೀರ್ಪುಗಾರರ ಕೈಯಲ್ಲಿ ಪಾಸಾಗಬೇಕು. ಅವರು ವಿಮಾನ ರಿಪೇರಿ ಕೆಲಸದಲ್ಲಿ ಎಷ್ಟೋ ವರ್ಷ ಕಳೆದು ನಿವೃತ್ತರಾದವರು. ನಾವೆಲ್ಲ 'ಸರ್' ಅನ್ನುತ್ತೇವೆ. ಮಾತು ಕಡಿಮೆ. ಕೆಂಪು ಪೆನ್ನು ಜಾಸ್ತಿ.

ತೆರೆನಾಡಿನ ವಿಮಾನವಾಹಕ ನೌಕೆ 'ಹೆದ್ದೆರೆ' ಎರಡು ವರ್ಷದ ಹಿಂದೆಯೇ ಪಾಸಾಗಿತ್ತು. ಅದರ ಮೇಲೆ ಹಾರಲು ಒಂದು ಹೊಸ ಫೈಟರ್-ಬಾಂಬರ್ ಬೇಕಿತ್ತು. ಹೆಸರೂ ಮೊದಲೇ ಇಟ್ಟುಬಿಟ್ಟಿದ್ದೆ: ಕಡಲಗಿಡುಗ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಅಂದರೆ ಇದೇ ಅಲ್ವಾ?

ಮೊದಲ ಕಡತ ಬರೆಯಲು ತೆಗೆದುಕೊಂಡದ್ದು ಒಂದು ರಾತ್ರಿ. ಎರಡು ಪುಟ. ಶಬ್ದದ ಎರಡು ಪಟ್ಟು ವೇಗ. ಏಳು ಟನ್ ಬಾಂಬು. ಬಾಂಬುಗಳು ಹೊಟ್ಟೆಯೊಳಗೇ ಇರುವುದರಿಂದ ರೇಡಾರಿಗೆ ಸುಲಭವಾಗಿ ಕಾಣುವುದಿಲ್ಲ. ಉದ್ದ 18.5 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 11.5 ಮೀಟರ್. ಜೊತೆಗೆ ಬಣ್ಣ ಹಚ್ಚಿದ ಚಿತ್ರ. ಚಿತ್ರ ಚೆನ್ನಾಗಿಯೇ ಬಂದಿತ್ತು, ಈಗಲೂ ಹಾಗೇ ಅನ್ನಿಸುತ್ತೆ.

ಎರಡು ವಾರ ಬಿಟ್ಟು ಕಡತ ವಾಪಸ್ ಬಂತು. ವೇಗದ ಬಗ್ಗೆ ಒಂದು ಮಾತಿಲ್ಲ, ಬಾಂಬಿನ ಬಗ್ಗೆಯೂ ಇಲ್ಲ. ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಸಾಲು: 'ಇದು ಲಿಫ್ಟಿನಲ್ಲಿ ಹಿಡಿಸುತ್ತಾ?'

ಹೆದ್ದೆರೆಯ ಕಡತ ಹುಡುಕಿ ತೆಗೆದೆ. ಹಡಗಿನೊಳಗೆ ವಿಮಾನ ನಿಲ್ಲಿಸುವ ಹ್ಯಾಂಗರಿನಿಂದ ಮೇಲಿನ ಡೆಕ್ಕಿಗೆ ವಿಮಾನ ಎತ್ತುವ ಲಿಫ್ಟು 16 ಮೀಟರ್ ಉದ್ದ, 10 ಮೀಟರ್ ಅಗಲ. ಬರೆದವನು ನಾನೇ. ನನ್ನ ವಿಮಾನ ಉದ್ದಕ್ಕೂ ಹಿಡಿಸುವುದಿಲ್ಲ, ಅಗಲಕ್ಕೂ ಹಿಡಿಸುವುದಿಲ್ಲ. ಓರೆಯಾಗಿ ಇಟ್ಟರೂ ಇಲ್ಲ. ನಾಚಿಕೆಯಾಯಿತು.

ಲಿಫ್ಟನ್ನೇ ದೊಡ್ಡದು ಮಾಡಬಹುದಾ ಅಂತ ಕೇಳಿದೆ. 'ಮಾಡಬಹುದು. ಹಡಗು ಎರಡು ವರ್ಷ ಹಡಗುಕಟ್ಟೆಯಲ್ಲಿ ನಿಲ್ಲುತ್ತೆ, 400 ಹೊನ್ನು' ಅಂದರು. ನನ್ನ ವರ್ಷದ ಇಡೀ ನೌಕಾಪಡೆಯ ಖರ್ಚೇ 600. ಅಲ್ಲಿಗೆ ಆ ಮಾತು ಮುಗಿಯಿತು.

ನಿಜ ಪ್ರಪಂಚದಲ್ಲಿ ಇದಕ್ಕೆ ಏನು ಮಾಡಿದ್ದಾರೆ ಅಂತ ಓದತೊಡಗಿದ ಮೇಲೆ ಸ್ವಲ್ಪ ಸಮಾಧಾನವಾಯಿತು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಅಮೆರಿಕದ ಕೋರ್ಸೇರ್ ವಿಮಾನ ತೆಗೆದುಕೊಂಡರು. ರೆಕ್ಕೆ ಮೇಲಕ್ಕೆ ಮಡಿಸಿದರೆ ಅವರ ಹ್ಯಾಂಗರಿನ ಚಾವಣಿಗೆ ತಗಲುತ್ತಿತ್ತು. ಎರಡೂ ತುದಿಯಲ್ಲಿ ಸುಮಾರು 20 ಸೆಂಟಿಮೀಟರ್ ಕತ್ತರಿಸಿಯೇ ಬಿಟ್ಟರು. 1958ರಲ್ಲಿ ಮೊದಲು ಹಾರಿದ ಬುಕನೀರ್ ಬಾಂಬರಿನ ಮೂಗು ಪಕ್ಕಕ್ಕೆ ಮಡಚಿಕೊಳ್ಳುತ್ತಿತ್ತು. ಬಾಲದಲ್ಲಿದ್ದ, ವೇಗ ತಗ್ಗಿಸುವ ಏರ್‌ಬ್ರೇಕ್ ಬಾಗಿಲಿನ ಹಾಗೆ ಎರಡೂ ಕಡೆ ತೆರೆದುಕೊಳ್ಳುತ್ತಿತ್ತು. ಎಲ್ಲವೂ ಉದ್ದ ಕಡಿಮೆ ಮಾಡಲು. ಬ್ರಿಟಿಷ್ ನೌಕಾಪಡೆಯ ಯುದ್ಧವಿಮಾನ ಫ್ಯಾಂಟಮ್‌ಗೂ ಇದೇ ಕಾರಣಕ್ಕೆ ಮಡಚುವ ಮೂಗು ಕೊಟ್ಟಿದ್ದರು. ಅಂದರೆ ನನ್ನ ಪೇಚಾಟ ಹೊಸದಲ್ಲ.

ಮುಂದೆ ಈ ಕೆಲಸಕ್ಕೆ ಇಳಿಯುವವರಿಗೆ ಒಂದು ಮಾತು. ವಿಮಾನದ ಚಿತ್ರ ಬರೆಯುವ ಮುಂಚೆ ರಟ್ಟು, ಕತ್ತರಿ ತೆಗೆದುಕೊಳ್ಳಿ. ಒಂದು ಮೀಟರಿಗೆ ಒಂದು ಸೆಂಟಿಮೀಟರಿನಂತೆ ಲಿಫ್ಟು, ಹ್ಯಾಂಗರು, ಡೆಕ್ಕು ಕತ್ತರಿಸಿ. ಆಮೇಲೆ ವಿಮಾನದ ಆಕಾರ, ಬೇಕಾದಷ್ಟು ಪ್ರತಿ. ನೆಲದ ಮೇಲೆ ಹರಡಿಕೊಂಡು ಜೋಡಿಸಿ ನೋಡಿ. ಎಷ್ಟು ವಿಮಾನ ಹಿಡಿಸುತ್ತೆ, ಒಂದನ್ನು ಹೊರಗೆ ತರಲು ಎಷ್ಟನ್ನು ಸರಿಸಬೇಕು, ಎಲ್ಲ ಕಣ್ಣಿಗೇ ಕಾಣುತ್ತೆ. ನಾನು 24 ವಿಮಾನ ಅಂತ ಬರೆದಿದ್ದೆ. ರಟ್ಟಿನಲ್ಲಿ ಹಿಡಿಸಿದ್ದು 11. ಮನೆಯವರು ಬಂದು ನೋಡಿ, 'ಮಕ್ಕಳ ಪ್ರಾಜೆಕ್ಟಾ?' ಅಂದರು. ನಮಗೆ ಮಕ್ಕಳಿಲ್ಲ.

ಎರಡನೇ ತಿಂಗಳಿನಿಂದ ಐದನೇ ತಿಂಗಳವರೆಗೆ ಹೋದದ್ದು ಹಾರುವ ಲೆಕ್ಕಕ್ಕೆ. ಹೆದ್ದೆರೆಗೆ ಕೆಟಪಲ್ಟ್, ಅಂದರೆ ವಿಮಾನವನ್ನು ಡೆಕ್ಕಿನಿಂದ ಎಳೆದು ಎಸೆಯುವ ಯಂತ್ರ, ಇಲ್ಲ. ಮುಂದೆ ಮೇಲಕ್ಕೆ ಬಾಗಿದ ಸ್ಕೀ-ಜಂಪ್ ಇದೆ, ಐಎನ್‌ಎಸ್ ವಿಕ್ರಮಾದಿತ್ಯದ ಹಾಗೆ 14 ಡಿಗ್ರಿ. ಕೆಟಪಲ್ಟ್ ಹಾಕಿಸೋಣ ಅಂತ ಆಸೆಯಾಗಿತ್ತು. ಉಗಿಯದು ಹಾಕಲು ಹಡಗಿನಲ್ಲಿ ಬಾಯ್ಲರ್ ಬೇಕು. ನನ್ನದು ಗ್ಯಾಸ್ ಟರ್ಬೈನ್ ಹಡಗು. ವಿದ್ಯುತ್ತಿನದು, ಅಂದರೆ 2017ರಲ್ಲಿ ಸೇವೆಗೆ ಸೇರಿದ ಅಮೆರಿಕದ ಜೆರಾಲ್ಡ್ ಫೋರ್ಡ್ ಹಡಗಿನಲ್ಲಿ ಇರುವಂಥದ್ದು, ಹಾಕಬೇಕೆಂದರೆ ಕರೆಂಟು ಎಲ್ಲಿಂದ ತರುವುದು? ಅದೂ ಹೋಗಲಿ. 95 ಮೀಟರಿನಲ್ಲಿ ಸೆಕೆಂಡಿಗೆ 75 ಮೀಟರ್ ವೇಗ ಬರಬೇಕೆಂದರೆ ವಿಮಾನಕ್ಕೆ ಬೀಳುವ ಎಳೆತ ಗುರುತ್ವದ ಮೂರು ಪಟ್ಟು. ಅದನ್ನು ಎಳೆಯುವುದು ಮೂತಿಯ ಚಕ್ರದ ಕಾಲು ಹಿಡಿದು. ಆ ಕಾಲು, ಅದರ ಹಿಂದಿನ ಬೆನ್ನೆಲುಬು, ಎಲ್ಲವೂ ದಪ್ಪ ಆಗಬೇಕು. ದಪ್ಪ ಅಂದರೆ ಭಾರ.

ಸರಿ, ಸ್ಕೀ-ಜಂಪೇ ಗತಿ. ಅದರಲ್ಲೊಂದು ಜಾಣತನ ಇದೆ. ವಿಮಾನ ಅಂಚು ಬಿಡುವಾಗ ಅದಕ್ಕೆ ಪೂರ್ತಿ ಹಾರುವ ವೇಗ ಬಂದಿರಬೇಕಿಲ್ಲ. ಮೇಲ್ಮುಖವಾಗಿ ಎಸೆದಿರುತ್ತಲ್ಲ, ಆ ಕೆಲವು ಸೆಕೆಂಡುಗಳಲ್ಲಿ ಉಳಿದ ವೇಗ ಕೂಡಿಕೊಳ್ಳುತ್ತೆ. ಆದರೆ ಇಂಜಿನ್ನಿನ ತಳ್ಳುಬಲ ಭಾರಕ್ಕೆ ಹತ್ತಿರ ಹತ್ತಿರ ಇರಬೇಕು. ನನ್ನ ಎರಡು ಇಂಜಿನ್ ಸೇರಿ 18 ಟನ್ ತಳ್ಳುತ್ತಿದ್ದವು. ಏಳು ಟನ್ ಬಾಂಬು, ತುಂಬಿದ ಟ್ಯಾಂಕು ಸೇರಿ ವಿಮಾನ 27 ಟನ್. ಗಾಳಿ, ಚಕ್ರದ ತಡೆ ಕಳೆದು ಲೆಕ್ಕ ಹಾಕಿದರೆ 180 ಮೀಟರ್ ಓಡಿದ ಮೇಲೆ ಸೆಕೆಂಡಿಗೆ 45 ಮೀಟರ್ ವೇಗ. ಅದನ್ನೇ 20 ಟನ್ನಿಗೆ ಇಳಿಸಿದರೆ 53. ಹಡಗು 25 ನಾಟ್, ಅಂದರೆ ಗಂಟೆಗೆ ಸುಮಾರು 46 ಕಿಲೋಮೀಟರ್ ವೇಗದಲ್ಲಿ ಗಾಳಿಗೆ ಎದುರಾಗಿ ಓಡಿದರೆ ಇನ್ನೊಂದು 13 ಪುಕ್ಕಟೆ ಸಿಗುತ್ತೆ.

45ರಲ್ಲಿ ಹಾರಿದರೆ ಸಮುದ್ರ, 53ರಲ್ಲಿ ಹಾರಿದರೆ ಆಕಾಶ. ಏಳು ಟನ್ ಬಾಂಬು ಮೂರು ಟನ್ ಆಯಿತು. ಹೊಟ್ಟೆಯೊಳಗಿನ ಬಾಂಬಿನ ಗೂಡು ಹೋಯಿತು. ಉದ್ದ 15.2 ಮೀಟರಿಗೆ ಇಳಿಯಿತು. ಒಂದೊಂದು ಸಾಲು ಹೊಡೆದು ಹಾಕುವಾಗಲೂ ಹೊಟ್ಟೆ ಚುರ್ ಅನ್ನುತ್ತಿತ್ತು. ಇದೂ ಲೋಕದ ರೂಢಿಯೇ. ಸ್ಕೀ-ಜಂಪ್ ಹಡಗಿನಿಂದ ಏಳುವ ಮಿಗ್-29ಕೆ ಆಗಲಿ ಚೀನಾದ ಜೆ-15 ಆಗಲಿ, ಕೆಟಪಲ್ಟಿನಿಂದ ಏಳುವ ವಿಮಾನದಷ್ಟು ಹೊರೆ ಹೊರುವುದು ಕಷ್ಟ.

ಐದನೇ ತಿಂಗಳ ಕೊನೆಗೆ ಎರಡನೇ ಕಡತ ಕೊಟ್ಟೆ. 31 ಪುಟ. ಈ ಸಲ ಪಾಸಾಗುತ್ತೆ ಅಂತ ಗಟ್ಟಿ ನಂಬಿಕೆ ಇತ್ತು.

ಆರು ವಾರ ಸುದ್ದಿ ಇಲ್ಲ. ಕೇಳಬಾರದು ಅಂತ ನಿಯಮ. ಕೇಳಿದರೆ ಸಾಲಿನ ಕೊನೆಗೆ ಹಾಕುತ್ತಾರೆ. ಪಕ್ಕದ ದೇಶದ ಗೆಳೆಯನಿಗೆ ನನ್ನನ್ನು ಕಾಡುವುದೇ ಕೆಲಸ. 'ಏನಪ್ಪಾ, ಹಕ್ಕಿ ಗೂಡಿಗೆ ಬಂತಾ?' ಅಂತ ದಿನ ಬಿಟ್ಟು ದಿನ ಕೇಳುತ್ತಿದ್ದ. ಆ ಆರು ವಾರದಲ್ಲಿ ನಾನು ಕಡತ ತೆರೆದು ನೋಡಲಿಲ್ಲ. ನೋಡಿದ್ದರೆ ತಪ್ಪು ನನಗೇ ಕಾಣುತ್ತಿತ್ತೋ ಏನೋ.

ಏಳನೇ ವಾರ ಬಂತು. ಕೆಂಪು ಶಾಯಿಯಲ್ಲಿ ಎರಡು ಪ್ರಶ್ನೆ, ಒಂದು ಪ್ರಶ್ನಾರ್ಥಕ ಚಿಹ್ನೆ. 'ಎಷ್ಟು ವೇಗದಲ್ಲಿ ಇಳಿಯುತ್ತೆ?' 'ಏನೇನು ಹೊತ್ತುಕೊಂಡು ಇಳಿಯುತ್ತೆ?' ಚಿಹ್ನೆ ಇದ್ದದ್ದು ಚಿತ್ರದಲ್ಲಿ, ವಿಮಾನದ ಬಾಲದ ಕೆಳಗಿನ ಕೊಕ್ಕೆಯ ಪಕ್ಕ.

ಮೂವತ್ತೊಂದು ಪುಟ ಬರೆದಿದ್ದೆ. ವಿಮಾನ ಹೇಗೆ ಇಳಿಯುತ್ತೆ ಅಂತ ಒಂದು ಸಾಲೂ ಬರೆದಿರಲಿಲ್ಲ.

ಎರಡು ವಾರ ಏನೂ ಮಾಡಲಿಲ್ಲ. ಬಿಟ್ಟುಬಿಡೋಣ ಅನ್ನಿಸಿತು. ಯಾರಿಗೂ ಬೇಡದ ದೇಶ, ಯಾರೂ ಹಾರಿಸದ ವಿಮಾನ, ಸುಮ್ನೆ ಯಾಕೆ ತಲೆ ಕೆಡಿಸಿಕೊಳ್ಳುವುದು? ಆಮೇಲೊಂದು ದಿನ ಸರ್‌ಗೆ ಫೋನ್ ಮಾಡಿದೆ. ಕಡತದ ಬಗ್ಗೆ ಅಲ್ಲ, ಸುಮ್ನೆ ಕ್ಷೇಮ ವಿಚಾರಿಸಲು ಅಂತ ನೆವ. ಅವರಿಗೆ ಗೊತ್ತಾಯಿತು. 'ಹಾರೋದು ಯಾವ ವಿಮಾನಕ್ಕೂ ಬರುತ್ತೆ ಕಣಯ್ಯಾ. ಹಡಗಿನ ವಿಮಾನ ಅಂದ್ರೆ ವಾಪಸ್ ಬರೋ ವಿಮಾನ. ಇಳಿಯೋದರಿಂದ ಶುರು ಮಾಡು' ಅಂದರು. ಫೋನ್ ಇಟ್ಟರು.

ಶುರು ಮಾಡಿದೆ. ನಿಮಗೂ ಈ ಲೆಕ್ಕ ಬೇಕಾಗುತ್ತೆ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಇಳಿಯುವಾಗಿನ ಭಾರವನ್ನು ನ್ಯೂಟನ್ನಿಗೆ ತಂದು (ಕಿಲೋವನ್ನು 9.81ರಿಂದ ಗುಣಿಸಿದರೆ ಆಯಿತು) ಎರಡರಿಂದ ಗುಣಿಸಿ. ಗಾಳಿಯ ಸಾಂದ್ರತೆ 1.225, ರೆಕ್ಕೆಯ ವಿಸ್ತೀರ್ಣ, ರೆಕ್ಕೆಯ ಎತ್ತುವ ಗುಣಾಂಕ (ರೆಕ್ಕೆ ಎಷ್ಟು ಚೆನ್ನಾಗಿ ಎತ್ತುತ್ತೆ ಅನ್ನುವ ಸಂಖ್ಯೆ), ಈ ಮೂರನ್ನೂ ಗುಣಿಸಿ ಅದರಿಂದ ಭಾಗಿಸಿ. ಬಂದದ್ದರ ವರ್ಗಮೂಲವೇ ಇಳಿಯುವ ವೇಗ. ಗುಣಾಂಕವನ್ನು ಮಾತ್ರ ಆಸೆಬುರುಕತನದಿಂದ ಹಾಕಬೇಡಿ. ನಾನು 1.2 ಇಟ್ಟುಕೊಂಡೆ. ಎರಡನೇ ಕಡತದ ರೆಕ್ಕೆ 38 ಚದರ ಮೀಟರ್. ಇಳಿಯುವ ಭಾರ 17 ಟನ್ ಅಂತ ಹಿಡಿದೆ. ಉತ್ತರ: ಸೆಕೆಂಡಿಗೆ 77 ಮೀಟರ್. ಅಂದರೆ 150 ನಾಟ್.

ಅಷ್ಟು ವೇಗದಲ್ಲಿ ಬರುವ 17 ಟನ್ನನ್ನು ಡೆಕ್ಕಿನ ಮೇಲೆ ಅಡ್ಡ ಕಟ್ಟಿದ ಒಂದು ತಂತಿ ಬಾಲದ ಕೊಕ್ಕೆಗೆ ಸಿಕ್ಕಿ 90 ಮೀಟರಿನೊಳಗೆ ನಿಲ್ಲಿಸಬೇಕು. ಹಡಗಿನ ಗಾಳಿ 13 ಕಳೆದರೂ 64 ಉಳಿಯುತ್ತೆ. ಆ ಶಕ್ತಿ ಸುಮಾರು 35 ಮೆಗಾಜೌಲ್. ಹೆದ್ದೆರೆಯ ಕಡತದಲ್ಲಿ ತಂತಿಯ ಮಿತಿ 25 ಅಂತ ನಾನೇ ಬರೆದಿದ್ದೆ! ತಂತಿ ಹರಿಯುತ್ತಿತ್ತು, ಇಲ್ಲವೇ ಕೊಕ್ಕೆ ಕಿತ್ತುಬರುತ್ತಿತ್ತು. ಗುದ್ದಲು ಶತ್ರುವೇ ಬೇಕಿರಲಿಲ್ಲ.

ಇದರಿಂದ ಪಾರಾಗಲು ಮುಖ್ಯವಾಗಿ ಎರಡು ದಾರಿ: ಭಾರ ಇಳಿಸು, ಇಲ್ಲವೇ ರೆಕ್ಕೆ ದೊಡ್ಡದು ಮಾಡು. ನಾನು ಎರಡೂ ಮಾಡಿದೆ. ಅಮೆರಿಕದ ಎಫ್-35 ಯುದ್ಧವಿಮಾನದ ಎರಡು ಮಾದರಿ ಪಕ್ಕಪಕ್ಕ ಇಟ್ಟು ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತೆ. ನೆಲದಿಂದ ಹಾರುವ 'ಎ' ಮಾದರಿಯ ರೆಕ್ಕೆ ಸುಮಾರು 43 ಚದರ ಮೀಟರ್. ಹಡಗಿನ 'ಸಿ' ಮಾದರಿಯದು 62. ಅಷ್ಟು ದೊಡ್ಡ ರೆಕ್ಕೆ ಹಡಗಿನಲ್ಲಿ ಜಾಗ ತಿನ್ನಬಾರದಲ್ಲ, ಅದಕ್ಕೇ 'ಸಿ'ಯ ರೆಕ್ಕೆಯ ತುದಿ ಮಡಚಿಕೊಳ್ಳುತ್ತೆ. ನನ್ನ ಗಿಡುಗನ ರೆಕ್ಕೆ 46 ಚದರ ಮೀಟರ್ ಆಯಿತು. ಹರಡಿದರೆ 12.4 ಮೀಟರ್, ಮಡಿಸಿದರೆ 8.2. ರೆಕ್ಕೆಯ ಹಿಂದೆ ಇಳಿಬಿಡುವ ಫ್ಲಾಪ್ ದೊಡ್ಡದು ಮಾಡಿ ಗುಣಾಂಕ 1.3 ಆಯಿತು. ಬರಿಯ ವಿಮಾನ 12 ಟನ್, ಉಳಿದ ಇಂಧನ ಒಂದೂವರೆ, ಉಳಿದ ಬಾಂಬು ಒಂದೂವರೆ, ಒಟ್ಟು 15 ಟನ್. ಇಳಿಯುವ ವೇಗ 123 ನಾಟ್. ತಂತಿಗೆ ಬೀಳುವುದು 19 ಮೆಗಾಜೌಲ್. ಆ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಆ 'ಉಳಿದ ಬಾಂಬು' ಅನ್ನುವ ಸಾಲನ್ನು ಬಹಳ ಜನ ಮರೆಯುತ್ತಾರೆ. ನಾನೂ ಮರೆತಿದ್ದೆ. ಹೋದ ವಿಮಾನ ಪ್ರತಿ ಸಲವೂ ಬಾಂಬು ಹಾಕಿಯೇ ಬರುವುದಿಲ್ಲ. ಗುರಿ ಸಿಗದೆ ವಾಪಸ್ ಬರುತ್ತೆ. ಇಳಿಯುವ ಭಾರ ಮೀರಿದರೆ ಒಳ್ಳೊಳ್ಳೆಯ ಮಿಸೈಲುಗಳನ್ನು ಸಮುದ್ರಕ್ಕೆ ಬಿಟ್ಟು ಇಳಿಯಬೇಕಾಗುತ್ತೆ. ಒಂದೊಂದು ಮಿಸೈಲಿಗೂ ಹೊನ್ನು ಸುರಿದಿರುತ್ತೇವಲ್ಲ.

ಚಕ್ರದ ಕಾಲಿನ ವಿಷಯ. ನೆಲದ ವಿಮಾನ ಕೊನೆಯ ಗಳಿಗೆಯಲ್ಲಿ ಮೂತಿ ಎತ್ತಿ ಮೆಲ್ಲಗೆ ಕೂರುತ್ತೆ. ಹಡಗಿನ ವಿಮಾನ ಹಾಗೆ ಮಾಡುವುದಿಲ್ಲ. ಒಂದೇ ಇಳಿಜಾರಿನಲ್ಲಿ ಬಂದು ದಡ್ ಅಂತ ಬೀಳುತ್ತೆ. ಮೆಲ್ಲಗೆ ಕೂರಲು ಹೋದರೆ ತಂತಿಗಳೆಲ್ಲ ಹಿಂದೆ ಉಳಿದುಬಿಡುತ್ತವೆ. ನೆಲದ ವಿಮಾನದ ಕಾಲನ್ನು ಸೆಕೆಂಡಿಗೆ ಸುಮಾರು 3 ಮೀಟರ್ ಇಳಿತಕ್ಕೆ ಕಟ್ಟಿದರೆ, ಇದನ್ನು 6-7 ಮೀಟರಿಗೆ ಕಟ್ಟಬೇಕು. ವೇಗ ಎರಡು ಪಟ್ಟು ಅಂದರೆ ಪೆಟ್ಟು ನಾಲ್ಕು ಪಟ್ಟು. ಕಾಲಿಗೆ ಅರ್ಧ ಟನ್ ಕೂಡಿಸಿದೆ. ಆ ಅರ್ಧ ಟನ್ ಇಂಧನದಿಂದ ಹೋಯಿತು. ಚಕ್ರ ಡೆಕ್ಕಿಗೆ ತಾಗಿದ ಕೂಡಲೇ ಪೈಲಟ್ ಇಂಜಿನ್ನನ್ನು ಪೂರ್ತಿ ಶಕ್ತಿಗೆ ತಳ್ಳುತ್ತಾನೆ ಅನ್ನುವುದು ನನಗೆ ಗೊತ್ತೇ ಇರಲಿಲ್ಲ. ನಿಲ್ಲಬೇಕಾದಾಗ ಯಾಕೆ ಜೋರು? ಕೊಕ್ಕೆ ತಂತಿ ಹಿಡಿಯದೇ ಹೋದರೆ ಹಾಗೇ ಮತ್ತೆ ಹಾರಿಹೋಗಬೇಕಲ್ಲ, ಅದಕ್ಕೆ. ಇದಕ್ಕೆ ಬೋಲ್ಟರ್ ಅನ್ನುತ್ತಾರೆ.

ಇನ್ನು ಆ ಪ್ರಶ್ನಾರ್ಥಕ ಚಿಹ್ನೆ. ಕೊಕ್ಕೆಯನ್ನು ನಾನು ಚಿತ್ರ ಮುಗಿದ ಮೇಲೆ ಅಲಂಕಾರಕ್ಕೆ ಅನ್ನುವಂತೆ ಬರೆದಿದ್ದೆ, ಹಿಂದಿನ ಚಕ್ರಕ್ಕೆ ತೀರಾ ಹತ್ತಿರ. ಎಫ್-35ಸಿಯಲ್ಲೂ ಮೊದಮೊದಲು ಇದೇ ತೊಂದರೆ ಆಗಿತ್ತು ಅಂತ ಆಮೇಲೆ ಓದಿದೆ. ಚಕ್ರ ತಂತಿಯ ಮೇಲೆ ಹಾಯ್ದಾಗ ತಂತಿ ಡೆಕ್ಕಿಗೆ ಒತ್ತಿಕೊಂಡು ಮಲಗುತ್ತೆ. ಅದು ಮತ್ತೆ ಮೇಲಕ್ಕೆ ಏಳಲು ಒಂದು ಚೂರು ಹೊತ್ತು ಬೇಕು. ಚಕ್ರಕ್ಕೂ ಕೊಕ್ಕೆಗೂ ಅಂತರ ಕಡಿಮೆ ಇದ್ದರೆ ತಂತಿ ಏಳುವ ಮುಂಚೆಯೇ ಕೊಕ್ಕೆ ಅದರ ಮೇಲೆ ಜಾರಿ ಹೋಗುತ್ತೆ. ಅವರು ಕೊಕ್ಕೆಯ ತುದಿಯ ಆಕಾರ ಬದಲಿಸಿದರು, ಅದನ್ನು ಡೆಕ್ಕಿಗೆ ಒತ್ತಿ ಹಿಡಿಯುವ ವ್ಯವಸ್ಥೆ ಸರಿಮಾಡಿದರು. 2014ರ ನವೆಂಬರಿನಲ್ಲಿ ಅದು ಅಮೆರಿಕದ ನಿಮಿಟ್ಜ್ ಹಡಗಿನ ಮೇಲೆ ಇಳಿಯಿತು. ಅಷ್ಟು ದುಡ್ಡು, ಅಷ್ಟು ಜನ ಇದ್ದವರಿಗೇ ಹೀಗಾಯಿತು. ನಾನು ಕೊಕ್ಕೆಯನ್ನು ಆದಷ್ಟು ಹಿಂದಕ್ಕೆ ತಳ್ಳಿದೆ, ಚಿತ್ರ ವಿಕಾರವಾಯಿತು, ಇರಲಿ.

ಇಷ್ಟರಲ್ಲಿ ಹತ್ತನೇ ತಿಂಗಳು. ಲೆಕ್ಕ ಎಲ್ಲ ಕೂಡಿಬರುತ್ತಿದೆ ಅನ್ನುವಾಗ ನಿರೀಕ್ಷೆಯೇ ಇಲ್ಲದ ಕಡೆಯಿಂದ ಕಲ್ಲು ಬಿತ್ತು. ಇಂಜಿನ್!

ತೆರೆನಾಡಿಗೆ ಸ್ವಂತ ಜೆಟ್ ಇಂಜಿನ್ ಕಾರ್ಖಾನೆ ಇಲ್ಲ. ಪಕ್ಕದ ದೇಶದಿಂದ ತರಿಸುವುದು ಅಂತ ಕಡತದಲ್ಲಿ ಬರೆದಿದ್ದೆ. ನಿಯಮದ ಪ್ರಕಾರ ಆ ದೇಶದ ಒಪ್ಪಿಗೆ ಪತ್ರ ಲಗತ್ತಿಸಬೇಕು. ಪಕ್ಕದ ದೇಶ ಯಾರದು? ಅದೇ 'ಹಕ್ಕಿ ಗೂಡಿಗೆ ಬಂತಾ' ಗೆಳೆಯನದು. ಅವನು ಮದುವೆ ಓಡಾಟದಲ್ಲಿ ನಲವತ್ತು ದಿನ ಆಟಕ್ಕೇ ಬರಲಿಲ್ಲ. ಬಂದ ಮೇಲೆ ಎರಡು ದ್ವೀಪದ ಸುತ್ತ ಮೀನು ಹಿಡಿಯುವ ಹಕ್ಕು ಕೇಳಿದ. ಒಂದು ವಾರ ಚೌಕಾಸಿ. ಕೊನೆಗೆ ಒಂದು ದ್ವೀಪ, ಹತ್ತು ವರ್ಷ. ಜೊತೆಗೆ ಷರತ್ತು: ಅವನ ಮೇಲೆ ಯುದ್ಧಕ್ಕೆ ಹೋದರೆ ಬಿಡಿಭಾಗ ನಿಲ್ಲುತ್ತೆ. ಹೋಗಲಿ, ಅವನ ಮೇಲೆ ಹೋಗಲೆಂದೇ ವಿಮಾನ ಮಾಡಿದ್ದು ಅಂತ ಹೇಳಲು ಆಗುತ್ತಾ?

ಹಾಗಾಗಿ ನೀವು ಇಂಜಿನ್ ಪತ್ರವನ್ನು ಮೊದಲ ವಾರವೇ ಕೇಳಿ ಇಟ್ಟುಕೊಳ್ಳಿ. ನಾನು ಕೊನೆಗೆ ಬಿಟ್ಟು ಕೆಟ್ಟೆ. ಪತ್ರದಲ್ಲಿ ಇಂಜಿನ್ನಿನ ಸಂಖ್ಯೆ, ಬದಲಿ ಇಂಜಿನ್ನಿನ ಸಂಖ್ಯೆ, ಬಿಡಿಭಾಗ ಎಷ್ಟು ವರ್ಷ ಕೊಡುತ್ತಾರೆ, ಮೂರೂ ಇರಬೇಕು. ನನ್ನ ಮೊದಲ ಪತ್ರದಲ್ಲಿ ಬದಲಿ ಇಂಜಿನ್ನಿನ ಮಾತೇ ಇರಲಿಲ್ಲ. ಇನ್ನೊಂದು ಸಲ ಬರೆಸಿಕೊಳ್ಳಬೇಕಾಯಿತು.

ಮೂರನೇ ಕಡತ ಹನ್ನೆರಡನೇ ತಿಂಗಳು ಹೋಯಿತು. 74 ಪುಟ. ಮೂರು ದಿಕ್ಕಿನ ಅಳತೆಯ ಚಿತ್ರ, ಭಾರದ ಪಟ್ಟಿ, ಏಳುವ ಲೆಕ್ಕ, ಇಳಿಯುವ ಲೆಕ್ಕ, ರಟ್ಟು ಜೋಡಿಸಿದ ಹ್ಯಾಂಗರಿನ ಫೋಟೋ, ಇಂಜಿನ್ ಪತ್ರ, ಖರ್ಚು, ವೇಳಾಪಟ್ಟಿ. ಕೆಲಸ ಮುಗಿದ ಕೂಡಲೇ ಒಂದು ಪ್ರತಿ ಎತ್ತಿಟ್ಟುಕೊಳ್ಳಿ. ಪ್ರಶ್ನೆ ಪುಟದ ಸಂಖ್ಯೆ ಹಿಡಿದು ಬರುತ್ತೆ.

ಈ ಸಲ ಕಡತ ವಾಪಸ್ ಬರಲಿಲ್ಲ. ಐದು ವಾರ ಬಿಟ್ಟು ಸರ್ ಮಾತಿಗೆ ಕರೆದರು. ಎದುರು ಕೂತು ಎರಡು ಗಂಟೆ ಕೇಳಿದರು. ಕೈ ಬೆವರುತ್ತಿತ್ತು.

ಮೊದಲನೆಯದು ವೇಳಾಪಟ್ಟಿ. ಮೊದಲ ಹಾರಾಟದಿಂದ ಹಡಗಿನ ಮೇಲೆ ಇಳಿಯುವವರೆಗೆ ನಾನು ಹದಿನೆಂಟು ತಿಂಗಳು ಬರೆದಿದ್ದೆ. ಅವರು ನಕ್ಕರು. ನಮ್ಮ ತೇಜಸ್ಸಿನ ನೌಕಾ ಮಾದರಿಯ ಕಥೆ ಹೇಳಿದರು. ಮೊದಲ ಹಾರಾಟ 2012ರ ಏಪ್ರಿಲ್. ಗೋವಾದ ನೌಕಾನೆಲೆಯಲ್ಲಿ ಹಡಗಿನ ಡೆಕ್ಕನ್ನೇ ನೆಲದ ಮೇಲೆ ಕಟ್ಟಿದ ಹಾಗೆ ಸ್ಕೀ-ಜಂಪು, ತಂತಿ ಎಲ್ಲ ಇರುವ ಒಂದು ಪರೀಕ್ಷಾ ತಾಣ ಮಾಡಿದರು. ಅಲ್ಲಿ ತಂತಿ ಹಿಡಿದು ಇಳಿದದ್ದು 2019ರ ಸೆಪ್ಟೆಂಬರ್. ವಿಕ್ರಮಾದಿತ್ಯದ ಮೇಲೆ ಇಳಿದದ್ದು 2020ರ ಜನವರಿ 11. ಹತ್ತಿರ ಹತ್ತಿರ ಎಂಟು ವರ್ಷ. ಅಷ್ಟಾದರೂ ಸೇವೆಗೆ ಅಂತ 2025ರಲ್ಲಿ ಒಪ್ಪಂದವಾದದ್ದು ಫ್ರಾನ್ಸಿನ 26 ರಫೇಲ್ ವಿಮಾನಗಳಿಗೆ. 'ಅವರು ಕಲಿತದ್ದು ವ್ಯರ್ಥ ಅಲ್ಲ. ಆದರೆ ನೀನು ಹದಿನೆಂಟು ತಿಂಗಳು ಅಂತ ಬರೀಬೇಡ' ಅಂದರು. ನನ್ನ ಕಡತದಲ್ಲಿ ನೆಲದ ಮೇಲಿನ ಪರೀಕ್ಷಾ ತಾಣವೇ ಇರಲಿಲ್ಲ. ಅದಕ್ಕೆ ಇನ್ನೂ 90 ಹೊನ್ನು ಬೇಕಾಯಿತು.

ಎರಡನೆಯದು ನನ್ನನ್ನು ಹಿಡಿದು ಅಲ್ಲಾಡಿಸಿತು. 'ತಂತಿ ಹರಿದಿದೆ. ನಿನ್ನ ನಾಲ್ಕು ವಿಮಾನ ಮೇಲಿವೆ. ಎಲ್ಲಿಗೆ ಹೋಗ್ತವೆ?' ನಾನು ಸುಮ್ಮನಾದೆ. 2016ರಲ್ಲಿ ಸಿರಿಯಾ ಕರಾವಳಿಯ ಹತ್ತಿರ ರಷ್ಯಾದ ಕುಜ್ನೆತ್ಸೊವ್ ಹಡಗಿನಲ್ಲಿ ಹೀಗೇ ಆಗಿತ್ತು. ತಂತಿಯ ವ್ಯವಸ್ಥೆ ಕೈಕೊಟ್ಟಿತ್ತು, ಸರಿಹೋಗಲಿ ಅಂತ ಮೇಲೆ ಕಾಯುತ್ತಿದ್ದ ಒಂದು ಮಿಗ್-29ಕೆ ಸಮುದ್ರಕ್ಕೆ ಬಿತ್ತು. ಕೆಲವೇ ವಾರದಲ್ಲಿ ತಂತಿ ಹರಿದು ಒಂದು ಸು-33 ಡೆಕ್ಕಿನಿಂದ ಜಾರಿ ಹೋಯಿತು. ಎರಡರಲ್ಲೂ ಪೈಲಟ್‌ಗಳು ಉಳಿದರು. ನಾನು ಅಲ್ಲೇ ಕೂತು ಒಂದು ಗಿಡುಗನ ಹೊಟ್ಟೆಗೆ ಇಂಧನ ಕೊಡುವ ಪೈಪಿನ ತೊಟ್ಟಿ ಕಟ್ಟಿ, ಅದು ಇತರರಿಗೆ ಗಾಳಿಯಲ್ಲೇ ಇಂಧನ ಕೊಡುತ್ತೆ ಅಂತ ಬರೆದೆ. ಪ್ರತಿ ಸಲ ನಾಲ್ಕು ಹೋದರೆ ಒಂದು ಬರಿಯ ಇಂಧನ ಹೊತ್ತು ಕಾಯಬೇಕು. ಅಂದರೆ ಬಾಂಬು ಹೊರುವವು ಮೂರೇ.

ಮೂರನೆಯದು ಸಂಖ್ಯೆ. ಹಡಗಿನಲ್ಲಿ 11 ನಿಲ್ಲಲು 11 ಕಟ್ಟಿದರೆ ಸಾಕು ಅಂತ ನನ್ನ ಲೆಕ್ಕ. ಕೆಲವು ರಿಪೇರಿಗೆ ನಿಲ್ಲುತ್ತವೆ, ಕೆಲವು ತರಬೇತಿಗೆ ಬೇಕು, ಉಪ್ಪುಗಾಳಿಗೆ ತುಕ್ಕು ಹಿಡಿದು ಕೆಲವು ವರ್ಕ್‌ಶಾಪಿನಲ್ಲಿ ಕೂರುತ್ತವೆ. ಕೊನೆಗೆ 26 ಆಯಿತು. ಒಟ್ಟು ಖರ್ಚು ನಾನು ಮೊದಲು ಬರೆದ 900 ಹೊನ್ನಿನಿಂದ 2,140ಕ್ಕೆ ಏರಿತು. ಎರಡು ಯುದ್ಧನೌಕೆ ಕಟ್ಟುವ ಯೋಜನೆ ಕೈಬಿಟ್ಟೆ, ಒಂದು ಬಂದರಿನ ಕೆಲಸ ಮುಂದಕ್ಕೆ ಹಾಕಿದೆ. ನನ್ನ ಕೈಯಿಂದ ನಿಜವಾಗಿ ಖರ್ಚಾದದ್ದು ಮೂರು ನೋಟ್‌ಬುಕ್ಕು, ಒಂದು ರಾಶಿ ರಟ್ಟು, ಲೆಕ್ಕವಿಲ್ಲದಷ್ಟು ರಾತ್ರಿ.

ಹೊರಡುವಾಗ ಸರ್, 'ಚಿತ್ರ ಮೊದಲಿನಷ್ಟು ಚೆಂದ ಇಲ್ಲ' ಅಂದರು. ಹೊಗಳಿದರೋ ಬೈದರೋ ಗೊತ್ತಾಗಲಿಲ್ಲ.

ಆಮೇಲೆ ಮೂರು ವಾರ. ಆಮೇಲೆ ಹೋದ ಭಾನುವಾರದ ಆ ಪದ. ಅದರ ಕೆಳಗೆ ಇನ್ನೊಂದು ಸಾಲು ಇತ್ತು, ಖುಷಿಯಲ್ಲಿ ನಾನು ಅದನ್ನು ಬೆಳಿಗ್ಗೆ ಓದಿದೆ. 'ಇದಕ್ಕೆ ಪೈಲಟ್‌ಗಳನ್ನು ಯಾವ ವಿಮಾನದಲ್ಲಿ ತಯಾರು ಮಾಡ್ತೀಯಾ?'

ತರಬೇತಿ ವಿಮಾನದ ಕಡತ ನಿನ್ನೆ ಶುರು ಮಾಡಿದೆ. ಹೆಸರು ಇನ್ನೂ ಇಟ್ಟಿಲ್ಲ. ಸದ್ಯಕ್ಕೆ ಮೇಜಿನ ಮೇಲೆ ಇರುವುದು ಹದಿನಾರು ಸೆಂಟಿಮೀಟರ್ ಉದ್ದ, ಹತ್ತು ಸೆಂಟಿಮೀಟರ್ ಅಗಲದ ಒಂದು ರಟ್ಟು.